ಚಕ್ರವರ್ತಿಗೆ ಬೇಡವಾದ ರೈಲು

ಇಂಗ್ಲೆಂಡಿನ ಪೂರ್ವ ಕರಾವಳಿಯ ಸೌತ್‌ವೋಲ್ಡ್‌ನಲ್ಲಿ ದೀಪಸ್ತಂಭ ಇರುವುದು ಊರಾಚೆಯ ಬಂಡೆಯ ಮೇಲಲ್ಲ, ಮನೆಗಳ ನಡುವೆ. 1890ರಲ್ಲಿ ಬೆಳಗಿದ, 31 ಮೀಟರ್ ಎತ್ತರದ ಆ ಬಿಳಿ ಗೋಪುರ, ಯಾರ ಹಿತ್ತಲಲ್ಲಿ ಏನು ಒಣಗಿದೆ ಎಂದು ಇಣುಕುವ ದೊಡ್ಡಪ್ಪನ ಹಾಗೆ ಮಾಡುಗಳ ಮೇಲೆ ಕತ್ತು ಚಾಚಿ ನಿಂತಿದೆ. ಅವನಿಗೂ ಕಾಣದ್ದನ್ನೆಲ್ಲ ಊರವರು ಒಂದು ಹಳೆಯ ಪುಟ್ಟ ಮನೆಯಲ್ಲಿ ಕೂಡಿಟ್ಟಿದ್ದಾರೆ. ಅದೇ ಮ್ಯೂಸಿಯಂ. ಸಂಬಳವಿಲ್ಲದೆ ನೋಡಿಕೊಳ್ಳುವವರೂ ಊರವರೇ.

ಹೇಳಿಕೊಳ್ಳಲು ದೊಡ್ಡ ಇತಿಹಾಸವೇ ಇದೆ. 1659ರ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋಯಿತು. 1672ರಲ್ಲಿ ಎದುರಿನ ಕಡಲಲ್ಲೇ ಡಚ್ಚರ ನೌಕಾಧಿಪತಿ ಡಿ ರಾಯ್ಟರ್ ಇಂಗ್ಲಿಷ್-ಫ್ರೆಂಚ್ ಹಡಗುಗಳ ಮೇಲೆ ಎರಗಿದ. ಇಂಗ್ಲಿಷ್ ನೌಕಾನಾಯಕ ಸ್ಯಾಂಡ್‌ವಿಚ್‌ನ ಅರ್ಲ್‌ನ ಹಡಗು ಹೊತ್ತಿ ಉರಿಯಿತು, ಅವನೂ ನೀರುಪಾಲಾದ. ಸಂಜೆಗೆ ಎರಡೂ ಕಡೆಯವರು ಗೆದ್ದೆವೆಂದರು. ಅದಿರಲಿ.

ಊರಿನ ಜೀವ ಇರುವುದು ರೈಲಿನಲ್ಲಿ. 1879ರಲ್ಲಿ ಹೇಲ್ಸ್‌ವರ್ತ್‌ನಿಂದ ಇಲ್ಲಿಗೆ ಸುಮಾರು 14 ಕಿಲೋಮೀಟರ್ ಹಳಿ ಬಿತ್ತು. ಅಗಲ ಮೂರೇ ಅಡಿ, ವೇಗದ ಮಿತಿ ಗಂಟೆಗೆ 16 ಮೈಲಿ. ಬೋಗಿಗಳ ರೂಪವೂ ವಿಚಿತ್ರ. ಚೀನಾದ ಚಕ್ರವರ್ತಿಗೆಂದು ಮಾಡಿದ್ದು, ಅವನು ಒಲ್ಲೆನೆಂದದ್ದಕ್ಕೆ ನಮಗೆ ಬಂತು ಎಂದು ಊರವರು ಕಥೆ ಕಟ್ಟಿದರು. ರೈಲಿನ ಇತಿಹಾಸ ಬಲ್ಲವರು ಇದಕ್ಕೆ ಬುಡವಿಲ್ಲ ಎನ್ನುತ್ತಾರೆ. ಇಲ್ಲದಿದ್ದರೇನು? ಬಡಕಲು ಬಂಡಿಗೆ ರಾಜಸಂಬಂಧ ಹುಡುಕಿಕೊಟ್ಟ ಊರಿನ ಮೇಲೆ ನನಗೆ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಊರಿನವನೇ ಆದ ರೆಗ್ ಕಾರ್ಟರ್ ಎಂಬ ಚಿತ್ರಗಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಈ ರೈಲಿನ ಆಮೆನಡಿಗೆಯನ್ನು ಗೇಲಿ ಮಾಡುವ ಪೋಸ್ಟ್‌ಕಾರ್ಡುಗಳನ್ನು ಬಿಡಿಸಿದ. ರಜೆಗೆ ಬಂದವರು ಕೊಂಡು, ನಕ್ಕು, ತಮ್ಮ ಊರಿಗೆ ಕಳಿಸಿದರು. 1938ರಲ್ಲಿ ಬ್ರಿಟನ್ನಿನ ಮಕ್ಕಳ ಪತ್ರಿಕೆ 'ಬೀನೊ' ಶುರುವಾದಾಗ ಮೊದಲ ಸಂಚಿಕೆಯ ಮುಖಪುಟದ ಚಿತ್ರಕಥೆ ಬಿಡಿಸಿದವನೂ ಇವನೇ. ಅಷ್ಟರಲ್ಲಿ ರೈಲು ನಿಂತುಹೋಗಿತ್ತು. ಜನ ಬಸ್ಸು ಹತ್ತತೊಡಗಿದ್ದರು. 1929ರಲ್ಲಿ ಕಂಪನಿ ಬಾಗಿಲೆಳೆಯಿತು. ನಕ್ಕವರಲ್ಲಿ ಎಷ್ಟು ಮಂದಿ ಬಸ್ಸಿನಲ್ಲಿ ಕೂತೇ ನಕ್ಕಿದ್ದರೋ! ಎರಡನೇ ಮಹಾಯುದ್ಧದ ಕಾಲದಲ್ಲಿ ಹಳಿಗಳೂ ಗುಜರಿಗೆ ಹೋದವು.

ದೊಡ್ಡ ಮ್ಯೂಸಿಯಮ್ಮುಗಳಿಗೆ ಗೆದ್ದವರ ಕತ್ತಿ ಬೇಕು. ಸೋತು ಗುಜರಿ ಸೇರಿದ್ದರ ಟಿಕೇಟು, ಫೋಟೋ ಜೋಪಾನ ಮಾಡಲು ಇಂಥ ಪುಟ್ಟ ಮನೆಯೇ ಆಗಬೇಕು. ಈಚೆಗೆ ಊರವರು ಒಂದು ಟ್ರಸ್ಟ್ ಕಟ್ಟಿಕೊಂಡು ಅದೇ ಮೂರಡಿ ಅಗಲದ ಹಳಿಯನ್ನು ತುಸು ದೂರ ಮತ್ತೆ ಹಾಕಿದ್ದಾರೆ. ಡಚ್ಚರನ್ನು ಇನ್ನೊಮ್ಮೆ ಕರೆಸೋಣ ಎಂದು ಮಾತ್ರ ಯಾರೂ ಹೊರಟಿಲ್ಲ.