ಗಂಧದ ಮಾತು

ಶಿವಮೊಗ್ಗ ಜಿಲ್ಲೆಯ ಸೊರಬ ದಂಡಾವತಿ ನದಿಯ ದಡದಲ್ಲಿರುವ ಪುಟ್ಟ ಊರು. 'ಸುರಭಿ' ಎಂಬ ಮಾತಿನಿಂದ ಈ ಊರಿಗೆ ಹೆಸರು ಬಂದಿತೆಂದು ಹೇಳುವುದುಂಟು. ಸುರಭಿ ಎಂದರೆ ಕಾಮಧೇನು. ಪರಿಮಳ ಎಂಬ ಅರ್ಥವೂ ಆ ಮಾತಿಗೆ ಉಂಟು. ಊರಿನ ಕಥೆಯನ್ನು ಹೇಳುವವರು ಮೊದಲನೆಯ ಅರ್ಥವನ್ನು ಹಿಡಿಯುತ್ತಾರೆ. ಆದರೆ ಇಲ್ಲಿಯ ಗುಡಿಗಾರರ ಮನೆಯ ಜಗುಲಿಯನ್ನು ಹತ್ತಿದವರಿಗೆ ಎರಡನೆಯದೇ ಮೊದಲು ನೆನಪಾಗುತ್ತದೆ.

ಗುಡಿಗಾರರು ತಲೆತಲಾಂತರದಿಂದ ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಮದುವೆಯ ಬಾಸಿಂಗವನ್ನು ಬೆಂಡಿನಲ್ಲಿ ಕಟ್ಟುವವರೂ ಅವರೇ. ಅಂಥ ಒಂದು ಮನೆಯಲ್ಲಿ ವೃದ್ಧರೊಬ್ಬರು ಪುಟ್ಟ ಪೆಟ್ಟಿಗೆಯ ಮುಚ್ಚಳದ ಮೇಲೆ ಬಳ್ಳಿಯೊಂದನ್ನು ಕೆತ್ತುತ್ತಿದ್ದರು. ಶಾಲೆಯಿಂದ ಬಂದ ಮೊಮ್ಮಗ ಪುಸ್ತಕದ ಚೀಲವನ್ನು ಕೆಳಗಿಟ್ಟು ಕೇಳಿದ:

"ಅಜ್ಜಾ, ಇಂಗ್ಲಿಷಿನಲ್ಲಿ ಚಪ್ಪಲಿಯೂ ಸ್ಯಾಂಡಲ್, ಗಂಧವೂ ಸ್ಯಾಂಡಲ್. ದೇವರ ಹಣೆಗೆ ಹಚ್ಚುವುದಕ್ಕೂ ಕಾಲಿಗೆ ಮೆಟ್ಟುವುದಕ್ಕೂ ಒಂದೇ ಹೆಸರೇನು?"

ಅಜ್ಜ ಉಳಿಯನ್ನು ನಿಲ್ಲಿಸದೆ ನಕ್ಕರು. "ಮರದ ಸಂಗತಿಯಾದರೆ ನನ್ನನ್ನು ಕೇಳು ಮಗಾ. ಮಾತಿನ ಸಂಗತಿಯನ್ನು ನಿಮ್ಮ ಮೇಷ್ಟರನ್ನು ಕೇಳು" ಎಂದರು.

ಹುಡುಗನ ಸಂಶಯ ಸಹಜವಾದುದು. ಕಾಗುಣಿತ ಒಂದೇ ಆದರೂ ಇವು ಬೇರೆ ಬೇರೆ ಬೇರುಗಳ ಮಾತುಗಳು. ಪಾದರಕ್ಷೆಯ ಸ್ಯಾಂಡಲ್ ಗ್ರೀಕರ 'ಸ್ಯಾಂಡಲಿಯನ್' ಎಂಬ ಮಾತಿನಿಂದ ಲ್ಯಾಟಿನ್ನಿಗೆ ಬಂದು, ಅಲ್ಲಿಂದ ಇಂಗ್ಲಿಷನ್ನು ಸೇರಿತು. ಮರದ ಸ್ಯಾಂಡಲ್ ಆದರೋ ನಮ್ಮ 'ಚಂದನ'ವೇ. ವರ್ತಕರ ಹಡಗುಗಳಲ್ಲಿ ಕೊರಡುಗಳೊಡನೆ ಅದರ ಹೆಸರೂ ಪಯಣ ಮಾಡಿತು. ಅರಬ್ಬಿ ಭಾಷೆಯಲ್ಲಿ 'ಚ'ಕಾರವಿಲ್ಲ. ಅರಬರ ಬಾಯಲ್ಲಿ ಅದು 'ಸಂದಲ್' ಆಯಿತು. ಗ್ರೀಕ್, ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನು ಹಾದು ಸುಮಾರು 600 ವರ್ಷಗಳ ಹಿಂದೆ ಇಂಗ್ಲಿಷನ್ನು ಮುಟ್ಟಿತು. ಆಗ ಅದಕ್ಕೆ 'ಸ್ಯಾಂಡರ್ಸ್' ಎಂಬ ಇನ್ನೊಂದು ರೂಪವೂ ಇದ್ದಿತು. ರಕ್ತಚಂದನವನ್ನು ಇಂದಿಗೂ 'ರೆಡ್ ಸ್ಯಾಂಡರ್ಸ್' ಎಂದು ಕರೆಯುವುದರಲ್ಲಿ ಆ ಹಳೆಯ ರೂಪ ಉಳಿದುಕೊಂಡಿದೆ. 1753ರಲ್ಲಿ ಸ್ವೀಡನ್ ದೇಶದ ಲಿನೀಯಸ್ ನಮ್ಮ ಮರಕ್ಕೆ 'ಸ್ಯಾಂಟಲಮ್ ಆಲ್ಬಮ್' ಎಂದು ಶಾಸ್ತ್ರೀಯ ನಾಮಕರಣ ಮಾಡಿದನು. ಆ ಹೆಸರಿನಲ್ಲಿಯೂ ಚಂದನವೇ ಅಡಗಿದೆ.

ಇನ್ನೂ ಹಿಂದಕ್ಕೆ ಹೋಗುವವರಿದ್ದಾರೆ. 'ಚಂದನ'ವೇ ದ್ರಾವಿಡ ಮೂಲದ್ದೆಂಬುದು ಕೆಲವು ಭಾಷಾವಿದ್ವಾಂಸರ ಅಭಿಪ್ರಾಯ. ತಮಿಳಿನಲ್ಲಿ 'ಸಾಂದು' ಎಂದರೆ ತೇಯ್ದ ಗಂಧ. ಕನ್ನಡದಲ್ಲಿ ಹಣೆಗೆ ಇಡುವ ಪರಿಮಳದ ಕಪ್ಪು ಲೇಪ 'ಸಾದು'. ಕನ್ನಡಿಗರು ಮರಕ್ಕೆ ಇಟ್ಟುಕೊಂಡ ಹೆಸರಾದರೋ 'ಗಂಧ'. ಸಂಸ್ಕೃತದಲ್ಲಿ ಗಂಧವೆಂದರೆ ಯಾವುದೇ ವಾಸನೆ. ನಾವು ಆ ಮಾತನ್ನು ಒಂದು ಮರಕ್ಕೆ ಮೀಸಲಾಗಿಟ್ಟು, 'ಶ್ರೀ' ಸೇರಿಸಿ ಗೌರವಿಸಿದೆವು. ಒಂದು ವಿಷಯದ ಅರಿವು ಏನೇನೂ ಇಲ್ಲದವನನ್ನು ಕುರಿತು 'ಅದರ ಗಂಧಗಾಳಿಯೂ ಇಲ್ಲ' ಎನ್ನುತ್ತೇವೆ. ಬಲ್ಲವನ ಬಳಿ ಸುಳಿದರೆ ಸಾಕು, ಪರಿಮಳ ಅಂಟಬೇಕು ಎಂಬ ಭಾವ ಅದರಲ್ಲಿದೆ.

ಮಾತಿನ ಪಯಣ ಸುಗಮವಾಗಿತ್ತು; ಮರದ ಬಾಳು ಹಾಗಿರಲಿಲ್ಲ. ಗಂಧದ ಸಸಿ ತನ್ನ ಬೇರುಗಳಿಂದ ನೆರೆಯ ಗಿಡಗಳ ಬೇರನ್ನು ಹಿಡಿದು ಆಹಾರ ಪಡೆಯುತ್ತದೆ, ಒಂಟಿಯಾಗಿ ಬಾಳಲಾರದು. ಪರಿಮಳವಿರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಬಲಿಯಲು ಹಲವು ದಶಕಗಳು ಬೇಕು. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಈ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಅಗೆದು ತೆಗೆಯುತ್ತಾರೆ. 1792ರಲ್ಲಿ ಟಿಪ್ಪು ಸುಲ್ತಾನನು ಇದನ್ನು ರಾಜವೃಕ್ಷವೆಂದು ಸಾರಿದನು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಮುಂದೆ ಅದೇ ಎಣ್ಣೆ ಸೇರಿದ ಸಾಬೂನಿನ ಹೊದಿಕೆಯ ಮೇಲೆ 'ಮೈಸೂರು ಸ್ಯಾಂಡಲ್' ಎಂಬ ಅಕ್ಷರಗಳು ಮೂಡಿದವು. ಊರೂರು ಸುತ್ತಿದ ಮಾತು ವೇಷ ಬದಲಿಸಿಕೊಂಡು ತವರಿಗೆ ಮರಳಿತು. ಆದರೆ ಕಾಡಿನಲ್ಲಿ ಕಳ್ಳರ ಕೊಡಲಿ ನಿಲ್ಲಲಿಲ್ಲ. 1998ರಲ್ಲಿ ಶ್ರೀಗಂಧವು ಅಳಿವಿನ ಭಯವಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. 2001ರ ಕಾನೂನಿನ ತಿದ್ದುಪಡಿಯಿಂದ, ರೈತನ ಹೊಲದಲ್ಲಿ ಬೆಳೆದ ಗಂಧ ರೈತನದೇ ಎಂದಾಯಿತು. ಅಲ್ಲಿಯವರೆಗೆ ಅದು ಸರಕಾರದ ಸ್ವತ್ತಾಗಿತ್ತು.

ಸಂಜೆಯಾಗುತ್ತ ಬಂದಂತೆ ಅಜ್ಜ ಉಳಿಯನ್ನು ಒರಸಿಟ್ಟರು. ಚಾಪೆಯ ಮೇಲೆ ಉದುರಿದ ಪುಡಿಯನ್ನು ಒಂದು ಚೂರೂ ಬಿಡದೆ ಕಾಗದದಲ್ಲಿ ಕೂಡಿಸಿದರು. ಮೂಲೆಯಲ್ಲಿ ಶಿವನೆ ಮರದ ತುಂಡುಗಳಿದ್ದವು. ಗಂಧ ಸಿಗದ ದಿನಗಳಲ್ಲಿ ಅವರ ಕೈ ಕೆತ್ತುವುದು ಅದನ್ನೇ.

"ಮರ ಇಲ್ಲದೆ ಹೋದರೆ ಹೆಸರು ಇರುತ್ತದೆಯೇ ಅಜ್ಜಾ?" ಎಂದ ಹುಡುಗ.

"ಹೆಸರಿಗೇನು, ಪುಸ್ತಕದಲ್ಲಿ ಇರುತ್ತದೆ. ಆದರೆ ಅದನ್ನು ಓದಿದವನಿಗೆ ಈ ವಾಸನೆ ಎಲ್ಲಿಂದ ಬರಬೇಕು?" ಎಂದು ಅಜ್ಜ ಪುಡಿಯ ಪೊಟ್ಟಣವನ್ನು ಅವನ ಮೂಗಿನ ಬಳಿ ಹಿಡಿದರು.

ಮರುದಿನ ಹುಡುಗ ಮೇಷ್ಟರನ್ನು ಕೇಳಿದ್ದು ಎರಡು ಪ್ರಶ್ನೆಗಳನ್ನು. ಒಂದು ಮಾತನ್ನು ಕುರಿತದ್ದು. ಇನ್ನೊಂದು, ಗಂಧದ ಬೀಜವನ್ನು ಯಾವ ಗಿಡದ ನೆರೆಯಲ್ಲಿ ಬಿತ್ತಿದರೆ ಅದು ಬದುಕೀತು ಎಂಬುದು.