ಮೂರೂ ಕಡೆ ಹಗಲಿತ್ತಾ?

ಒಂಬತ್ತನೇ ತರಗತಿಯ ಸೂರ್ಯನ ಪಾಠಕ್ಕೆ ನಾನು ಆರಿಸಿಕೊಂಡದ್ದು 1967ರ ಮೇ 23ರ ಘಟನೆ. ಅಂದು ಅಲಾಸ್ಕ, ಗ್ರೀನ್‌ಲ್ಯಾಂಡ್, ಇಂಗ್ಲೆಂಡ್‌ಗಳಲ್ಲಿದ್ದ ಅಮೆರಿಕದ ಕ್ಷಿಪಣಿ ಮುನ್ನೆಚ್ಚರಿಕೆ ಜಾಲದ ಮೂರು ರೇಡಾರ್ ಕೇಂದ್ರಗಳೂ ಅಸ್ತವ್ಯಸ್ತಗೊಂಡವು. ಸೋವಿಯತ್ ಒಕ್ಕೂಟದ ಕೈವಾಡವೆಂದು ಶಂಕಿಸಿ ವಾಯುಪಡೆ ವಿಮಾನಗಳನ್ನು ಸಜ್ಜುಗೊಳಿಸತೊಡಗಿತು.

ಇಲ್ಲಿ ನಿಲ್ಲಿಸಿ, ‘ನೀವಾಗಿದ್ದರೆ?’ ಎಂದು ಕೇಳಿದೆ.

‘ದಾಳಿ ಮಾಡಿಬಿಡ್ತಿದ್ವಿ ಮೇಡಂ’ ಎಂದಿತು ಹಿಂದಿನ ಬೆಂಚು. ಒಬ್ಬಳು ಮಾತ್ರ, ‘ಮೂರೂ ಕಡೆ ಆಗ ಹಗಲಿತ್ತಾ?’ ಎಂದಳು.

ಹಗಲೇ ಇತ್ತು. ಸೌರಜ್ವಾಲೆಯ ಜೊತೆ ಹೊಮ್ಮಿದ ರೇಡಿಯೊ ಅಲೆಗಳೇ ರೇಡಾರ್‌ಗಳಿಗೆ ಅಡ್ಡಿಯಾಗಿದ್ದವು. ಸೂರ್ಯನನ್ನು ಗಮನಿಸುತ್ತಿದ್ದ ಮುನ್ಸೂಚಕರು ಸಕಾಲಕ್ಕೆ ತಿಳಿಸಿದ್ದರಿಂದ ವಿಮಾನಗಳು ಹಾರಲಿಲ್ಲ.

ಪಾಠಯೋಜನೆಯಲ್ಲಿ ನಾನು ಬರೆದಿದ್ದ ಉದ್ದೇಶ, ‘ಸೌರಜ್ವಾಲೆಯ ಪರಿಣಾಮಗಳನ್ನು ವಿವರಿಸುವರು’ ಎಂದು. ಮುಂದಿನ ಪಾಠಕ್ಕೆ ಇನ್ನೊಂದನ್ನು ಸೇರಿಸಿದ್ದೇನೆ: ‘ದೂಷಿಸುವ ಮೊದಲು ಬೇರೆ ಕಾರಣವಿದೆಯೇ ಎಂದು ಪರೀಕ್ಷಿಸುವರು.’