ವೇದಿಕೆ ಬಂತು, ಕೋಣೆ ಎಲ್ಲಿ?

ನಮ್ಮ ಕಡೆ ‘ಬ್ಯಾಂಡು’ ಅಂದರೆ ಎರಡೇ ಅರ್ಥ. ಒಂದು, ಮದುವೆ ಮೆರವಣಿಗೆಗೂ ಗಣೇಶನ ವಿಸರ್ಜನೆಗೂ ಕೋಟು ಟೋಪಿ ಹಾಕಿಕೊಂಡು ಬರುವ ಬ್ಯಾಂಡ್ ಸೆಟ್. ಇನ್ನೊಂದು, ‘ಲೈವ್ ಬ್ಯಾಂಡ್ ಮೇಲೆ ಪೊಲೀಸ್ ದಾಳಿ’ ಅಂತ ಪೇಪರಿನಲ್ಲಿ ಬರುತ್ತಲ್ಲ, ಅದು. ಮೊದಲನೆಯದಕ್ಕೆ ಅಡ್ವಾನ್ಸ್ ಕೊಟ್ಟು ಕರೀತಾರೆ, ಎರಡನೆಯದರ ಹೆಸರನ್ನು ಅಮ್ಮನ ಮುಂದೆ ಎತ್ತುವ ಹಾಗಿಲ್ಲ. ನಾಲ್ಕೈದು ಜನ ಗಿಟಾರು, ಡ್ರಮ್ಸು ಇಟ್ಟುಕೊಂಡು, ತಾವೇ ಹಾಡು ಕಟ್ಟಿ, ಒಂದೇ ಹೆಸರಿನಡಿ ವರ್ಷಗಟ್ಟಲೆ ಜೊತೆಗಿರೋದಕ್ಕೂ ಬ್ಯಾಂಡ್ ಅಂತಲೇ ಹೇಳ್ತಾರೆ ಅನ್ನೋದನ್ನು ಮನೆಯಲ್ಲಿ ಇವತ್ತಿಗೂ ಬಿಡಿಸಿ ಹೇಳಬೇಕು.

ತಮಾಷೆ ಏನಂದ್ರೆ, ಬ್ಯಾಂಡುಗಳಿಗೆ ಬೇಕಾದ ದೊಡ್ಡ ದೊಡ್ಡ ವೇದಿಕೆಗಳೆಲ್ಲ ಈಗ ನಮ್ಮ ಕಡೆಗೇ ಬರ್ತಾ ಇವೆ. ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬಂದಾಗ ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋಗಬೇಕಿತ್ತು. ಈಗ ತುಮಕೂರು ರಸ್ತೆ, ಬಳ್ಳಾರಿ ರಸ್ತೆ ಹಿಡಿದರೆ ಸಾಕು. ಈ ಬದಲಾವಣೆಯನ್ನು ಕಣ್ಣಾರೆ ನೋಡೋಣ ಅಂತ ಒಂದು ಭಾನುವಾರ ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕು ಸುತ್ತಿದೆ. ಕಾರಿನಲ್ಲಿ ಹಾಕಿಕೊಂಡಿದ್ದು ಎರಡೇ ಬ್ಯಾಂಡು: ನಮ್ಮ ಸ್ವರಾತ್ಮ, ಅಮೆರಿಕದ ಚೀಪ್ ಟ್ರಿಕ್. ಯಾಕೆ ಈ ಎರಡು ಅನ್ನೋದು ಮುಂದೆ ಬರುತ್ತೆ.

ಮಾದಾವರದಿಂದ ದಾಬಸ್‌ಪೇಟೆ

ತುಮಕೂರು ರಸ್ತೆಯಲ್ಲಿ ನೆಲಮಂಗಲಕ್ಕೆ ಮುಂಚೆ ಮಾದಾವರ ಸಿಗುತ್ತೆ. 2024ರ ನವೆಂಬರ್‌ನಲ್ಲಿ ಮೆಟ್ರೋ ಇಲ್ಲಿವರೆಗೂ ಬಂತು. ಇಲ್ಲಿನ ನೈಸ್ ಮೈದಾನದಲ್ಲೇ 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಹಾಡಿದ್ದು. ಅದೇ ಸಮಯದಲ್ಲಿ ಒಂದು ಬೆಳಿಗ್ಗೆ ಆತ ಚರ್ಚ್ ಸ್ಟ್ರೀಟ್ ಫುಟ್‌ಪಾತ್ ಮೇಲೆ ನಿಂತು ಹಾಡೋಕೆ ಶುರು ಮಾಡಿದಾಗ ಪೊಲೀಸರು ಬಂದು ವೈರ್ ಕಿತ್ತಿದ್ದನ್ನು ನೀವೂ ರೀಲ್ಸಿನಲ್ಲಿ ನೋಡಿರ್ತೀರಿ. ಸಾವಿರಾರು ಜನರ ಮೈದಾನಕ್ಕೆ ಜಾಗ ಉಂಟು, ಒಂದು ಗಿಟಾರಿಗೆ ಫುಟ್‌ಪಾತ್ ಇಲ್ಲ. ಈ ಮಾತು ದಾರಿಯುದ್ದಕ್ಕೂ ನನ್ನ ತಲೆಯಲ್ಲೇ ಇತ್ತು.

ನೆಲಮಂಗಲ ದಾಟಿ, ಎಡಕ್ಕೆ ಶಿವಗಂಗೆ ಬೆಟ್ಟ ನೋಡಿಕೊಂಡು, ದಾಬಸ್‌ಪೇಟೆಯಲ್ಲಿ ಬಲಕ್ಕೆ ತಿರುಗಿದರೆ ಹೊಸ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹಾದು ಹೊಸಕೋಟೆಗೆ ಸುಮಾರು 80 ಕಿಲೋಮೀಟರ್. ರಾಗಿ ಹೊಲ, ನೀಲಗಿರಿ ತೋಪು, ಲೇಔಟ್ ಬೋರ್ಡು, ಗೋಡೌನು, ಮತ್ತೆ ರಾಗಿ ಹೊಲ. ಕ್ರೂಸ್ ಕಂಟ್ರೋಲ್ ಹಾಕಿ ಹಾಡು ಕೇಳೋಕೆ ಹೇಳಿ ಮಾಡಿಸಿದ ರಸ್ತೆ.

ಮಗ್ಗದ ಊರು

ದೊಡ್ಡಬಳ್ಳಾಪುರದಲ್ಲಿ ಹೈವೇ ಬಿಟ್ಟು ಒಳಗೆ ಬಂದೆ. ನೇಕಾರರ ಬೀದಿಗೆ ಕಾಲಿಟ್ಟರೆ ಮೊದಲು ಸಿಗೋದು ಸದ್ದು. ಒಂದೊಂದು ಮನೆಯಲ್ಲೂ ಎರಡು, ನಾಲ್ಕು ವಿದ್ಯುತ್ ಮಗ್ಗ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯೋ ಸದ್ದು ಒಂದೊಂದು ಮನೆಯದೂ ಒಂದೊಂದು ವೇಗ. ಬೀದಿ ನಡುವೆ ನಿಂತರೆ ಯಾರೋ ಹತ್ತು ಡ್ರಮ್ಮರ್‌ಗಳನ್ನು ಒಟ್ಟಿಗೆ ಬಿಟ್ಟಹಾಗೆ. ಇಲ್ಲಿ ಹುಟ್ಟಿದ ಮಕ್ಕಳು ಆ ಸದ್ದಲ್ಲೇ ನಿದ್ದೆ ಮಾಡ್ತಾರೆ, ಓದ್ತಾರೆ, ಜಗಳ ಆಡ್ತಾರೆ. ಅವರಿಗೆ ತಾಳ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಸ್ನೇಹಿತನ ತಮ್ಮ ಒಬ್ಬ ಇಲ್ಲಿದ್ದಾನೆ. ಡಿಪ್ಲೊಮಾ ಓದ್ತಾ ಇದ್ದಾನೆ. ಕೆಲಸ ನಿಂತ ಒಂದು ಮಗ್ಗದ ಶೆಡ್ಡಿನಲ್ಲಿ ಇನ್ನಿಬ್ಬರು ಹುಡುಗರ ಜೊತೆ ಸೇರಿ ‘ಏನೋ ಮಾಡ್ತಾ ಇದ್ದೀವಿ’ ಅಂತ ಫೋನಿನಲ್ಲಿ ಹೇಳಿದ್ದ. ಹೋಗಿ ನೋಡಿದರೆ ಒಂದು ಕೀಬೋರ್ಡು, ಒಂದು ಸೆಕೆಂಡ್ ಹ್ಯಾಂಡ್ ಗಿಟಾರು, ಒಂದು ತಮಟೆ. ಗೋಡೆ ತುಂಬ ಮೊಟ್ಟೆ ಟ್ರೇ. ಎರಡು ಸಿನಿಮಾ ಹಾಡು, ಒಂದು ಸ್ವಂತ ಹಾಡು ಕೇಳಿಸಿದರು. ಸ್ವಂತದ್ದು ಅರ್ಧ ಮಾತ್ರ ಆಗಿದೆ. ಚರಣ ಬಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತುಬಿಟ್ಟರು. ಆದರೆ ಪಲ್ಲವಿ ಮಾತ್ರ ಚೆನ್ನಾಗಿತ್ತು, ನಿಜವಾಗಿಯೂ ಚೆನ್ನಾಗಿತ್ತು.

“ಪೂರ್ತಿ ಮಾಡ್ರೋ” ಅಂದೆ.

“ಎಲ್ಲಣ್ಣ ಮಾಡೋದು? ಅರ್ಧ ಗಂಟೆ ಆಗೋಷ್ಟರಲ್ಲಿ ಬಾಗಿಲು ಬಡೀತಾರೆ. ಮಗ್ಗದ ಸದ್ದು ದಿನಪೂರ್ತಿ ಕೇಳುಸ್ಕೋತಾರೆ, ನಮ್ದು ಒಂದ್ ಗಂಟೆ ಕೇಳಕ್ಕಾಗಲ್ವಂತೆ.”

“ಮಗ್ಗ ಅನ್ನ ಹಾಕುತ್ತೆ ಕಣೋ.”

“ಅದಕ್ಕೇ ಅಣ್ಣ, ಇದು ಅನ್ನ ಹಾಕೋವರೆಗೂ ಎಲ್ಲಿ ಕೂತ್ಕೊಳ್ಳೋದು ಅಂತ ಕೇಳ್ತಿರೋದು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರಿಗೆ ಬಂದು ಚೀಪ್ ಟ್ರಿಕ್ ಹಾಕಿದೆ.

ಸ್ಕ್ರೂ ಊರಿನ ಹುಡುಗರು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಾಕ್‌ಫರ್ಡ್ ಅಂತ ಒಂದು ಊರು. ಸ್ಕ್ರೂ, ಬೋಲ್ಟು ಮಾಡೋ ಕಾರ್ಖಾನೆಗಳಿಂದಾಗಿ ಅದಕ್ಕೆ ‘ಸ್ಕ್ರೂ ಸಿಟಿ’ ಅಂತಲೇ ಅಡ್ಡಹೆಸರು. ಶಿಕಾಗೋ ಹತ್ತಿರ ಇದ್ದರೂ ಶಿಕಾಗೋ ಅಲ್ಲ, ದೊಡ್ಡಬಳ್ಳಾಪುರ ಬೆಂಗಳೂರಲ್ಲದ ಹಾಗೆ. 1970ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಚೀಪ್ ಟ್ರಿಕ್ ಹುಟ್ಟಿತು. ಬೀಟಲ್ಸ್ ಥರದ ಸಿಹಿ ರಾಗ, ಒಟ್ಟಿಗೆ ಎತ್ತುವ ದನಿ, ಅಡಿಯಲ್ಲಿ ಮಾತ್ರ ಜೋರು ಗಿಟಾರು. ಈ ಶೈಲಿಗೆ ಪವರ್ ಪಾಪ್ ಅಂತಾರೆ. ಗಿಟಾರಿಸ್ಟ್ ರಿಕ್ ನೀಲ್ಸನ್ ಅಪ್ಪ ಅಮ್ಮ ಊರಲ್ಲಿ ಸಂಗೀತ ವಾದ್ಯಗಳ ಅಂಗಡಿ ಇಟ್ಟಿದ್ದರು. ಕೈಗೆ ವಾದ್ಯ ಸಿಕ್ಕಿತು. ಸುತ್ತಮುತ್ತಲ ಊರುಗಳ ಬಾರು, ಕ್ಲಬ್ಬುಗಳಲ್ಲಿ ರಾತ್ರಿ ರಾತ್ರಿ ನುಡಿಸೋಕೆ ಜಾಗ ಸಿಕ್ಕಿತು. ಹಾಗೆ ವರ್ಷಗಳು ಕಳೆದವು.

ಮೊದಲ ಆಲ್ಬಂ ಬಂದಿದ್ದು 1977ರಲ್ಲಿ. ಅಮೆರಿಕದಲ್ಲಿ ಕೇಳಿದವರು ಕಡಿಮೆ. ಜಪಾನಿನಲ್ಲಿ ಮಾತ್ರ ಜನ ಹುಚ್ಚೆದ್ದರು. 1978ರ ಏಪ್ರಿಲ್‌ನಲ್ಲಿ ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ನುಡಿಸಿದ್ದನ್ನು ಜಪಾನಿಗಷ್ಟೇ ಅಂತ ರೆಕಾರ್ಡ್ ಮಾಡಿ ಬಿಟ್ಟರು. ಅದರ ಪ್ರತಿಗಳು ಅಮೆರಿಕಕ್ಕೆ ಆಮದಾಗಿ, ರೇಡಿಯೋದಲ್ಲಿ ಕೇಳಿಸಿ, ಬೇಡಿಕೆ ಹೆಚ್ಚಾಗಿ, 1979ರಲ್ಲಿ ಅಲ್ಲೂ ಬಿಡುಗಡೆ ಮಾಡಬೇಕಾಯ್ತು. ಲಕ್ಷಗಟ್ಟಲೆ ಖರ್ಚಾಯ್ತು. ಸ್ಟುಡಿಯೋದಲ್ಲಿ ಹಾಡಿದಾಗ ಯಾರೂ ತಿರುಗಿ ನೋಡದ ಹಾಡೇ, ಜನರ ಕಿರುಚಾಟದ ಜೊತೆ ಕೇಳಿದಾಗ ಹಿಟ್ ಆಯ್ತು. 2016ರಲ್ಲಿ ಅವರು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದರು.

ಬುಡೋಕಾನ್ ಕಥೆಯನ್ನು ಎಲ್ಲರೂ ಹೇಳ್ತಾರೆ. ನನಗೆ ದೊಡ್ಡದಾಗಿ ಕಂಡಿದ್ದು ಅದಕ್ಕೆ ಮುಂಚಿನ ಯಾರೂ ಕೇಳದ ವರ್ಷಗಳು.

ನಮ್ಮವರ ಲೆಕ್ಕ

ನಮ್ಮವರ ಕಥೆಯೂ ಬೇರೆ ಇಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಹುಡುಗರಿಂದ ಶುರುವಾಗಿದ್ದು. ಮೊದಲ ಆಲ್ಬಂ 2000ದಲ್ಲಿ. ಮುಂದೆ ಅವರೇ ‘ಟ್ಯಾಕಾಡೆಮಿ’ ಅಂತ ಸಂಗೀತ ಶಾಲೆ ತೆರೆದರು. ಕೋಣೆಯ ಬೆಲೆ ಅವರಿಗೆ ಗೊತ್ತಿತ್ತು ಅಂತ ಕಾಣುತ್ತೆ.

ಇನ್ನು ಸ್ವರಾತ್ಮ. ಮೈಸೂರಿನ ವಾಸು ದೀಕ್ಷಿತ್ ಮತ್ತು ಗೆಳೆಯರು 2002ರಲ್ಲಿ ಶುರು ಮಾಡಿದ್ದು. ವಾಸು ಅವರ ಅಣ್ಣ ರಘು ದೀಕ್ಷಿತ್. ಶಿಶುನಾಳ ಶರೀಫರ ಪದಗಳಿಗೆ ಗಿಟಾರು ಸೇರಿಸಿ, 2008ರಲ್ಲಿ ಆಲ್ಬಂ ತಂದು, 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಲುಂಗಿ ಉಟ್ಟು ಹಾಡಿದವರು. ಒಂದೇ ಮನೆಯಿಂದ ಎರಡು ಬ್ಯಾಂಡು!

ಸ್ವರಾತ್ಮಕ್ಕೆ ಬಾಗಿಲು ತೆರೆದಿದ್ದು 2006ರಲ್ಲಿ, ರೇಡಿಯೋ ಸಿಟಿಯ ಬ್ಯಾಂಡ್ ಸ್ಪರ್ಧೆ ಗೆದ್ದಾಗ. ಮೊದಲ ಆಲ್ಬಂ 2009ರಲ್ಲಿ. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್‌ನ ಸೌಂಡ್‌ಪ್ಯಾಡ್ ಯೋಜನೆಗೆ ಆರಿಸಿದ ನಾಲ್ಕು ಭಾರತೀಯ ಬ್ಯಾಂಡುಗಳಲ್ಲಿ ಇವರೂ ಒಬ್ಬರು. ರೇಡಿಯೋಹೆಡ್ ಆಲ್ಬಂ ಮಾಡಿಸಿದ ಜಾನ್ ಲೆಕಿ ಅದರ ನಿರ್ಮಾಪಕ. ಎರಡನೆಯ ಆಲ್ಬಂ ‘ಟೋಪಿವಾಲೇ’ 2012ರಲ್ಲಿ. ಒಂದೆಡೆ ಡ್ರಮ್ಸು, ಬೇಸ್ ಗಿಟಾರು, ಇನ್ನೊಂದೆಡೆ ವಯಲಿನ್ನು. ವಾಸು ಕೀಲುಕುದುರೆ ಕಟ್ಟಿಕೊಂಡು ವೇದಿಕೆಗೆ ಬಂದರೆ ನಮ್ಮ ಅಜ್ಜಿಗೂ ಅರ್ಥ ಆಗುತ್ತೆ, ಆಫೀಸಿನ ದಿಲ್ಲಿ ಹುಡುಗನಿಗೂ ಅರ್ಥ ಆಗುತ್ತೆ. ಕಾವೇರಿ ಜಗಳವನ್ನು ನದಿಯ ಕಡೆಯಿಂದಲೇ ಹೇಳುವ ‘ಪ್ಯಾಸಿ’ ಹಿಂದಿಯಲ್ಲಿದೆ, ‘ಈ ಭೂಮಿ’ ಕನ್ನಡದಲ್ಲಿ.

ಲೆಕ್ಕ ಹಾಕಿ. ಶುರುವಾದದ್ದಕ್ಕೂ ಆಲ್ಬಂ ಕೈಗೆ ಬಂದದ್ದಕ್ಕೂ ನಡುವೆ ಒಬ್ಬರಿಗೆ ನಾಲ್ಕು ವರ್ಷ, ಇನ್ನೊಬ್ಬರಿಗೆ ಏಳು. ಅಷ್ಟು ವರ್ಷ ಸುಮಾರಾಗಿ ನುಡಿಸಿಕೊಂಡು, ತಪ್ಪಿಕೊಂಡು, ಜಗಳವಾಡಿಕೊಂಡು ಕೂರೋಕೆ ನಾಲ್ಕು ಗೋಡೆ ಬೇಕು. ಬಾಗಿಲು ಬಡಿಯದ ಅಕ್ಕಪಕ್ಕ ಬೇಕು. ಆಮೇಲೆ ಒಂದು ಸ್ಪರ್ಧೆ, ಒಂದು ಸಣ್ಣ ವೇದಿಕೆ. ಬುಡೋಕಾನ್ ಬರೋದು ಇವೆಲ್ಲ ಆದಮೇಲೆ.

ಕುದುರೆ ಮೈದಾನ, ಬಿರಿಯಾನಿ ಊರು

ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ ಜಾಗ ನೋಡಿ, ಕೋಟೆ ಒಳಗೆ ಒಂದು ಸುತ್ತು ಹಾಕಿ, ದಾರಿಬದಿ ಚಕ್ಕೋತ ಕೊಂಡೆ. ರಘು ದೀಕ್ಷಿತ್ ಆಲ್ಬಂ ಬಂದ 2008ರಲ್ಲೇ ಇಲ್ಲಿ ವಿಮಾನ ನಿಲ್ದಾಣವೂ ಶುರುವಾಗಿದ್ದು. ಅದರ ಹಿಂದೆಯೇ ರಸ್ತೆ, ಹೋಟೆಲು, ಮೈದಾನ. ಬೆಂಗಳೂರಿನಿಂದ ಬರುವ ದಾರಿಯಲ್ಲಿರುವ ಎಂಬಸಿ ಕುದುರೆ ಸವಾರಿ ಶಾಲೆಯಲ್ಲಿ ಎಕೋಸ್ ಆಫ್ ಅರ್ಥ್ ಸಂಗೀತೋತ್ಸವ ನಡೆದಿದೆ. ಗುಜರಿ ಸಾಮಾನಿನಿಂದಲೇ ಪ್ರಾಣಿ ಪಕ್ಷಿಗಳ ಆಕಾರದ ವೇದಿಕೆ ಕಟ್ಟೋದು ಅದರ ವಿಶೇಷ. ನೋಡೋಕೆ ಚೆಂದ. ಆದರೆ ಇಂಥ ದೊಡ್ಡ ಕಾರ್ಯಕ್ರಮಗಳಿಗೆ ಹೋದಾಗಲೆಲ್ಲ ನಾನು ಗಮನಿಸಿದ್ದು ಇಷ್ಟು: ಸುತ್ತಲ ಹಳ್ಳಿಯ ಹುಡುಗರು ಪಾರ್ಕಿಂಗ್‌ನಲ್ಲಿ ಸೀಟಿ ಊದ್ತಾ ಇರ್ತಾರೆ, ಗೇಟಿನ ಹೊರಗೆ ಎಳನೀರು ಮಾರ್ತಾ ಇರ್ತಾರೆ. ವೇದಿಕೆ ಅವರ ಊರಿನದು, ಹಾಡು ಅವರದಲ್ಲ.

ಹೊಸಕೋಟೆಗೆ ಬರುವಾಗ ಸಂಜೆ. ಈ ಊರಿನ ದಮ್ ಬಿರಿಯಾನಿಗೆ ಬೆಳಗಿನ ಜಾವ ನಾಲ್ಕಕ್ಕೇ ನಮ್ಮಂಥ ಐಟಿಯವರು ಕ್ಯೂ ನಿಲ್ಲೋದು ಗೊತ್ತೇ ಇದೆ. ಅಷ್ಟು ಹೊತ್ತಲ್ಲಿ ಎಚ್ಚರ ಇರೋ ಊರಲ್ಲೂ ಸದ್ದಿಗೆ ನಿಯಮ ನಿಯಮವೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಅದು ಸರಿಯೇ, ಮಲಗೋರು ಮಲಗಬೇಕು. ಆದರೆ ಸಂಜೆ ಐದರಿಂದ ಎಂಟರವರೆಗೆ ಏನು ಅಡ್ಡಿ?

ಪ್ರತಿ ತಾಲ್ಲೂಕಿನಲ್ಲೂ ಸಮುದಾಯ ಭವನ ಇದೆ. ಮದುವೆ, ಸಭೆ, ಜಯಂತಿ ಇಲ್ಲದ ದಿನ ಬೀಗ. ಅದರಲ್ಲಿ ಒಂದು ಕೋಣೆ, ವಾರಕ್ಕೆ ಮೂರು ಸಂಜೆ, ಒಂದು ಬೀಗದಕೈ, ಹೆಸರು ಬರೆಯೋಕೆ ಒಂದು ಪುಸ್ತಕ. ಇಷ್ಟು ಸಾಕು. ಮೊಟ್ಟೆ ಟ್ರೇ ಬೇಡ. ಅದು ಒಳಗಿನ ಪ್ರತಿಧ್ವನಿ ಒಂಚೂರು ಕಡಿಮೆ ಮಾಡುತ್ತೆ ಅಷ್ಟೇ, ಹೊರಗೆ ಹೋಗೋ ಸದ್ದನ್ನು ತಡೆಯಲ್ಲ. ಸದ್ದು ತಡೆಯೋಕೆ ಭಾರದ ಗೋಡೆ, ಸಂದಿ ಇಲ್ಲದ ಬಾಗಿಲು ಬೇಕು. ಹಳೇ ಸರ್ಕಾರಿ ಕಟ್ಟಡಗಳ ದಪ್ಪ ಗೋಡೆ ಈ ಕೆಲಸಕ್ಕೆ ಶೆಡ್ಡಿನ ಶೀಟಿಗಿಂತ ಎಷ್ಟೋ ವಾಸಿ. ವರ್ಷಕ್ಕೊಮ್ಮೆ ಕನ್ನಡ ರಾಜ್ಯೋತ್ಸವಕ್ಕೆ ಹೊರಗಿಂದ ಆರ್ಕೆಸ್ಟ್ರಾ ಕರೆಸ್ತೀವಲ್ಲ, ಅದಕ್ಕೆ ಮುಂಚೆ ಊರಿನ ಹುಡುಗರಿಗೆ ಇಪ್ಪತ್ತು ನಿಮಿಷ ಕೊಟ್ಟರೆ ಸಣ್ಣ ವೇದಿಕೆಯೂ ಆಯ್ತು.

ನೀವು ಈ ಕಡೆ ಕಾನ್ಸರ್ಟಿಗೆ ಬಂದಾಗ ಅರ್ಧ ದಿನ ಮುಂಚೆ ಬನ್ನಿ. ಹೈವೇಯಿಂದ ಒಳಗೆ ಇಳಿದು ಮಗ್ಗದ ಬೀದಿ ನೋಡಿ, ಕೋಟೆ ನೋಡಿ, ಚಕ್ಕೋತ ತಿನ್ನಿ. ಎಲ್ಲಾದರೂ ಶೆಡ್ಡಿನೊಳಗೆ ಅರ್ಧ ಹಾಡು ಕೇಳಿಸಿದರೆ ಬಾಗಿಲು ಬಡಿಯಬೇಡಿ. ಹೊರಗೆ ನಿಂತು ಚರಣದವರೆಗೂ ಕಾಯಿರಿ.